ಮೊದಲ ದಿನದ ಹಸು

ಬಿಳಿ ಪರದೆಯ ಮೇಲೆ ಒಂದು ಹಸು ಮೂಡಿತು. ಕೆಳಗೆ ಹಸು ಎಂದು ಬರೆದಿದ್ದರಿಂದ ಅದು ಹಸು. ಕಾಲು ಐದಿದ್ದವು, ಐದನೆಯದು ಬಾಲವಿರಬಹುದು. ಬರೆದ ಎರಡು ಅಕ್ಷರಗಳೂ ಕಂಡರಾಗದ ನೆಂಟರಂತೆ ಒಂದಕ್ಕೊಂದು ಬೆನ್ನು ಹಾಕಿ ನಿಂತಿದ್ದವು. “ಇದು ನಾನು ವರ್ಷದ ಮೊದಲನೇ ದಿನ ಬರೆದದ್ದು” ಎಂದು ಹಲ್ಲು ಬಿದ್ದ ಹುಡುಗಿ ಹೆಮ್ಮೆಯಿಂದ ಹೇಳಿ ರಿಮೋಟ್ ಒತ್ತಿದಳು. ಎರಡನೆಯ ಸ್ಲೈಡಿನಲ್ಲಿ ಹಸು ಕರುವಿಗೆ ಹಾಲೂಡಿಸುತ್ತಿತ್ತು. ನೋಡಿದವರು ಕೈಮುಗಿಯಬೇಕು, ಅಂಥ ಕಳೆ. “ಇದು ಹೋದ ವಾರದ್ದು.”

ಮೂರನೆಯ ತರಗತಿಯ ಮಿಸ್ ಉಸಿರು ಬಿಗಿಹಿಡಿದು ಮುಂದಿನ ಬೆಂಚಿನತ್ತ ನೋಡಿದರು. ಅಲ್ಲಿ ಶಾಲೆಯ ದೊಡ್ಡ ಮೇಡಂ ಕೂತಿದ್ದರು. ಮಿಸ್ ಈ ವರ್ಷ ಹೊಸದಾಗಿ ಬಂದವರು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. “ಮಕ್ಕಳ ಪೋರ್ಟ್‌ಫೋಲಿಯೊ, ಅಂದ್ರೆ ವರ್ಷದ ಮೊದಲ ದಿನ ಬರೆದದ್ದು, ಈಗ ಬರೆದದ್ದು ಎರಡೂ ಪರದೆ ಮೇಲೆ ತೋರಿಸಿ. ಪ್ರಗತಿ ಕಂಡ್ರೆ ಇರ್ತೀರಿ. ಕಾಣದಿದ್ರೆ...” ಎಂದು ದೊಡ್ಡ ಮೇಡಂ ಮಾತನ್ನು ಅಲ್ಲಿಗೇ ಬಿಟ್ಟಿದ್ದರು. ಮೊದಲ ದಿನದ ಹಾಳೆಗಳನ್ನು ಎತ್ತಿಡಬೇಕೆಂದು ಮಿಸ್‌ಗೆ ಹೊಳೆದೇ ಇರಲಿಲ್ಲ. ಹಾಗಾಗಿ ನಿನ್ನೆ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, “ಮೊದಲನೇ ದಿನ ಹೇಗೆ ಬರೀತಿದ್ರೋ ಹಾಗೆ ಒಂದೊಂದು ಹಾಳೆ ಬರೆದುಕೊಡ್ರೋ ಮಕ್ಕಳಾ. ಚೂರು ಕೆಟ್ಟದಾಗಿದ್ರೂ ಪರವಾಗಿಲ್ಲ” ಎಂದಿದ್ದರು.

ಮಕ್ಕಳ ಭಕ್ತಿಗೆ ಮಿತಿಯುಂಟೆ? ಗುರು ಚೂರು ಕೇಳಿದರೆ ಅವು ರಾಶಿ ತಂದು ಸುರಿದವು. ಕೆಲವರು ಎಡಗೈಯಲ್ಲಿ ಬರೆದರು, ಕೆಲವರು ಕಣ್ಣು ಮುಚ್ಚಿ. ಒಬ್ಬ ಮಹಾನುಭಾವ ಕಾಲ್ಬೆರಳಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಇಡೀ ಮಗ್ಗಿಯನ್ನೇ ಬರೆದಿದ್ದ. ಇನ್ನೊಬ್ಬಳು ಹಾಳೆಯನ್ನು ಮನೆಗೆ ಒಯ್ದು, ತೊಟ್ಟಿಲಲ್ಲಿದ್ದ ತಮ್ಮನ ಕೈಗೆ ಬಣ್ಣದ ಕಡ್ಡಿ ಕೊಟ್ಟು, ಅವನು ಗೀಚಿದ್ದಕ್ಕೆ ‘ನನ್ನ ಕುಟುಂಬ’ ಎಂದು ಹೆಸರಿಟ್ಟು ತಂದಿದ್ದಳು.

ಅವೆಲ್ಲ ಒಂದಾದ ಮೇಲೊಂದು ಪರದೆಗೆ ಬಂದಂತೆ ದೊಡ್ಡ ಮೇಡಂ ಮುಖ ಕೆಂಪೇರತೊಡಗಿತು. ಮಿಸ್ ಅದನ್ನು ಆನಂದವೆಂದು ತಿಳಿದು ಒಳಗೊಳಗೇ ದೇವರಿಗೆ ವಂದಿಸಿದರು. ಕಾಲ್ಬೆರಳಿನ ಮಗ್ಗಿ ಬಂದಾಗ ದೊಡ್ಡ ಮೇಡಂ ಕೈಯೆತ್ತಿದರು.

“ನಿಲ್ಲಿಸಿ. ಈ ಮಕ್ಕಳಿಗೆ ಹೋದ ವರ್ಷ ಪಾಠ ಮಾಡಿದ್ದು ಯಾರು, ಗೊತ್ತಾ ನಿಮಗೆ?”

“ಇಲ್ಲ ಮೇಡಂ. ಯಾರೋ ಪುಣ್ಯಾತ್ಗಿತ್ತಿ...” ಎಂದು ಮಿಸ್ ನಕ್ಕರು.

“ನಾನು.”

ಮಿಸ್ ಇದ್ದಬದ್ದ ದೇವರನ್ನೆಲ್ಲ ಕರೆದರು. ಯಾವ ದೇವರಿಗೆ ಬಿಡುವಿತ್ತೋ, ಒಂದು ಮಾತು ಬಾಯಿಗೆ ಬಂತು.

“ರಜೆ ಮೇಡಂ! ನೀವು ಕಲಿಸಿದ್ದು ಚಿನ್ನದಂಗಿತ್ತು. ನಡುವೆ ಆ ಹಾಳು ರಜೆ ಬಂತಲ್ಲ, ಅದರಲ್ಲಿ ಪೂರ್ತಿ ಮರೆತುಬಿಟ್ರು.”

ದೊಡ್ಡ ಮೇಡಂ ಮುಖದ ಕೆಂಪು ನಿಧಾನವಾಗಿ ಇಳಿಯಿತು. “ನಾನೂ ಅದೇ ಅಂದ್ಕೊಂಡೆ. ಸರಿ ಹಾಗಾದ್ರೆ, ಈ ಸಲ ರಜೆ ಇಲ್ಲ.”

ಬೆಂಚುಗಳಿಂದ ಹಾಹಾಕಾರ ಎದ್ದಿತು. “ಮಿಸ್, ಇದೇನ್ ಮಿಸ್!” “ನೀವೇ ತಾನೇ ಕೆಟ್ಟದಾಗಿ ಬರೀರಿ ಅಂತ...” ಮಿಸ್ ಜೋರಾಗಿ ಕೆಮ್ಮಿ, ಹಲ್ಲು ಬಿದ್ದ ಹುಡುಗಿಯ ಕೈಯಿಂದ ರಿಮೋಟ್ ಕಸಿದು ಒತ್ತಿಯೇಬಿಟ್ಟರು.

ಕೊನೆಯ ಪೋರ್ಟ್‌ಫೋಲಿಯೊ ತೆರೆದುಕೊಂಡಿತು. ಅದು ದಪ್ಪ ಕನ್ನಡಕದ ಹುಡುಗಿಯದು; ತರಗತಿಯವರೆಲ್ಲ ಅವಳನ್ನು ಅಜ್ಜಿ ಎಂದೇ ಕರೆಯುತ್ತಿದ್ದರು. ಪಾಪ, ಅಜ್ಜಿಯೂ ನಿನ್ನೆ ಕೆಟ್ಟದಾಗಿ ಬರೆಯಲು ಪಡಬಾರದ ಪಾಡು ಪಟ್ಟಿದ್ದಳು. ಎಡಗೈಯಲ್ಲಿ ಬರೆದರೂ ಮುತ್ತು, ಕಣ್ಣು ಮುಚ್ಚಿ ಬರೆದರೂ ಮುತ್ತು. ಕಡೆಗೆ ಒಂದಿಷ್ಟು ಅತ್ತು, ಬಂದದ್ದನ್ನೇ ಕೊಟ್ಟು ಮನೆಗೆ ಹೋಗಿದ್ದಳು. ಈಗ ಪರದೆಯ ಮೇಲೆ ಮೊದಲ ದಿನದ್ದೂ ಮುತ್ತಿನ ಸಾಲು, ಹೋದ ವಾರದ್ದೂ ಮುತ್ತಿನ ಸಾಲು. ಪ್ರಗತಿಯ ಸುಳಿವೇ ಇಲ್ಲ. ಮಿಸ್ ಕಣ್ಣು ಮುಚ್ಚಿಕೊಂಡರು.

ದೊಡ್ಡ ಮೇಡಂ ಎದ್ದು ಬಂದರು. “ಇವಳಿಗೂ ನಾನೇ ಕಲಿಸಿದ್ದು. ಇವಳಿಗೂ ರಜೆ ಇತ್ತು. ಇವಳದ್ದು ಮಾತ್ರ ಯಾಕೆ ಕೆಡಲಿಲ್ಲ? ಏನಮ್ಮಾ, ರಜೆಯಲ್ಲಿ ಏನು ಮಾಡ್ತಿದ್ದೆ?”

ಅಜ್ಜಿಗೆ ಸುಳ್ಳು ಬಾರದು. “ನಿದ್ದೆ ಮಾಡ್ತಿದ್ದೆ ಮೇಡಂ.”

“ಬರೆಯೋದು?”

“ಇಲ್ಲ.”

“ಓದೋದು?”

“ಇಲ್ಲ ಮೇಡಂ. ಊಟಕ್ಕೆ ಮಾತ್ರ ಎಬ್ಬಿಸ್ತಿದ್ರು.”

ದೊಡ್ಡ ಮೇಡಂ ಪರದೆಯ ಮುಂದೆಯೇ ನಿಂತು ಬಹಳ ಹೊತ್ತು ಯೋಚಿಸಿದರು. ಪ್ರೊಜೆಕ್ಟರಿನ ಬೆಳಕಿನಲ್ಲಿ ಅಜ್ಜಿಯ ಅಕ್ಷರಗಳು ಅವರ ಹಣೆಯ ಮೇಲೆ ಬಿದ್ದು, ಬ್ರಹ್ಮನೇ ಈಗ ತಾನೇ ಬರೆದು ಮುಗಿಸಿದಂತೆ ಹೊಳೆಯುತ್ತಿದ್ದವು. ಕೊನೆಗೆ ಅವರು ತಲೆಯಾಡಿಸಿದರು.

“ಗೊತ್ತಾಯ್ತು. ಮಲಗಿದೋರ ತಲೆಯಲ್ಲಿ ಕಲಿತದ್ದು ಅಲ್ಲೇ ಕೂತಿದೆ. ಎದ್ದು ಓಡಾಡಿದೋರದ್ದು ದಾರಿಯಲ್ಲೆಲ್ಲ ಚೆಲ್ಲಿಹೋಗಿದೆ. ರಜೆ ಇರಲಿ. ಆದ್ರೆ ದಿನಾ ಎಲ್ಲರೂ ಶಾಲೆಗೆ ಬಂದು, ಬೆಳಿಗ್ಗೆಯಿಂದ ಸಂಜೆವರೆಗೆ ಇಲ್ಲೇ ಮಲಗಬೇಕು. ಮಿಸ್, ಮಲಗಿಸೋ ಜವಾಬ್ದಾರಿ ನಿಮ್ಮದು. ನಿಮ್ಮ ಕೆಲಸ ಕಾಯಂ.”

ಮಿಸ್ ಕಣ್ಣಲ್ಲಿ ನೀರು ತುಂಬಿತು. ಎರಡೂ ಕೈ ಜೋಡಿಸಿ, “ಎಲ್ಲಾ ದೇವರ ದಯೆ ಮೇಡಂ” ಎಂದರು.

ದೊಡ್ಡ ಮೇಡಂ ಬಾಗಿಲವರೆಗೆ ಹೋದವರು ತಿರುಗಿ ನಿಂತರು.

“ದೇವರ ದಯೆ ಇರಲಿ. ನಿಮಗೆ ಜೋಗುಳ ಎಷ್ಟು ಬರುತ್ತೆ?”