ಎಂಟುನೂರು ಬಸುರಿಯರ ರಕ್ತ

ಸೋಂಕಿನ ವಾರ್ಡಿನಲ್ಲಿ ಹದಿನಾಲ್ಕು ದಿನ ದುಡಿದು, ಆಮೇಲೆ ಹದಿನಾಲ್ಕು ದಿನ ಒಂದೇ ಕೋಣೆಯಲ್ಲಿ ಒಬ್ಬಳೇ ಕಳೆದು ಡಾಕ್ಟರಮ್ಮ ತನ್ನ ವಿಭಾಗಕ್ಕೆ ಮರಳಿದಾಗ, ಅವಳ ಡೀಪ್ ಫ್ರೀಜರಿನ ಮೇಲೆ ಬೇರೊಬ್ಬರ ಹೆಸರು ಅಂಟಿಸಿತ್ತು. ಬಾಗಿಲು ತೆಗೆದಳು. ಎಂಟು ವರ್ಷ ಕೂಡಿಟ್ಟಿದ್ದ ಎಂಟುನೂರು ಬಸುರಿಯರ ರಕ್ತದ ಒಂದು ಕೊಳವೆಯೂ ಅಲ್ಲಿರಲಿಲ್ಲ. ಎಲ್ಲ ಅರೆಗಳಲ್ಲೂ ಸೋಂಕಿತರ ಗಂಟಲು ದ್ರವ.

"ನಮ್ಮವೆಲ್ಲ ಎಲ್ಲಿ?"

ಟೆಕ್ನೀಷಿಯನ್ ಹದಿನೇಳು ವರ್ಷದಿಂದ ಗುತ್ತಿಗೆಯ ಮೇಲೇ ಇದ್ದ ಮನುಷ್ಯ. ಮಾಸ್ಕಿನ ಮೇಲೆ ಅವನ ಕಣ್ಣುಗಳಷ್ಟೇ ಕಾಣುತ್ತಿದ್ದವು. ಅವೂ ನೆಲ ನೋಡುತ್ತಿದ್ದವು. "ಖಾಲಿ ಮಾಡಿ ಅಂತ ಮೇಲಿನಿಂದ ಹೇಳಿಕಳಿಸಿದ್ರು ಮೇಡಂ. ಸಂಜೆಯೊಳಗೆ ಅಂದ್ರು. ನಿಮಗೆ ಏಳು ಸಲ ಫೋನ್ ಮಾಡಿದೆ. ನೀವು ಆ ಸೂಟು ಹಾಕ್ಕೊಂಡು ವಾರ್ಡಲ್ಲಿದ್ರಿ. ಡ್ರೈ ಐಸ್ ತುಂಬಿ ಎಲ್ಲಾನೂ ಪೆಟ್ಟಿಗೇಲಿ ಜೋಡಿಸಿದೆ. ಎರಡು ದಿನಕ್ಕೊಮ್ಮೆ ಹೊಸ ಐಸ್ ಬರಬೇಕಿತ್ತು. ರಸ್ತೆ ಬಂದ್. ಐಸ್ ತರೋ ಗಾಡೀನ ಅಡ್ಡಗಟ್ಟಿ ವಾಪಸ್ ಕಳಿಸಿಬಿಟ್ರು. ಕ್ಯಾಂಟೀನಿನ ಫ್ರಿಜ್‌ನಿಂದ ಇದ್ದಬದ್ದ ಮಂಜುಗಡ್ಡೆ ಎಲ್ಲ ತಂದು ಸುರಿದೆ. ಬೆಳಗ್ಗೆ ಬಂದು ನೋಡಿದ್ರೆ ಬರೀ ನೀರು. ಆಮೇಲೆ ನೀವು ಫೋನ್ ಮಾಡಿದಾಗ ಹೇಳೋ ಧೈರ್ಯ ಬರಲಿಲ್ಲ."

ಮೂಲೆಯಲ್ಲಿದ್ದ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದ. "ಬಿಸಾಕೋಕೆ ಮನಸ್ಸು ಬರಲಿಲ್ಲ. ನೋಡೋಕೆ ಹಾಗೇ ಇವೆ, ಅಲ್ವಾ ಮೇಡಂ?"

ಹಾಗೇ ಇದ್ದವು. ರಕ್ತದಿಂದ ಬೇರ್ಪಡಿಸಿದ ತೆಳು ಹಳದಿ ತಿಳಿ, ಪ್ರತಿ ಕೊಳವೆಯ ಮೇಲೂ ಅವಳದೇ ಅಕ್ಷರ. ದಿನ ತುಂಬುತ್ತಾ ಬಂದಾಗ ಕೆಲವು ಬಸುರಿಯರಿಗೆ ಇದ್ದಕ್ಕಿದ್ದಂತೆ ಬಿಪಿ ಏರಿ ಫಿಟ್ಸ್ ಬರುತ್ತದೆ. ಮಗು ಉಳಿದರೆ ತಾಯಿ ಇಲ್ಲ, ತಾಯಿ ಉಳಿದರೆ ಮಗು ಇಲ್ಲ. ಅದರ ಸುಳಿವು ನಾಲ್ಕನೇ ತಿಂಗಳ ರಕ್ತದಲ್ಲೇ ಇರುತ್ತದೆ ಎಂದು ಅವಳು ಹುಡುಕುತ್ತಿದ್ದಳು. ಜಾಡು ಸಿಕ್ಕಿತ್ತು. ಇನ್ನೊಂದೇ ವರ್ಷದ ಕೆಲಸ ಬಾಕಿ ಇತ್ತು. ಆದರೆ ಒಮ್ಮೆ ಕರಗಿ ಕೆಟ್ಟ ರಕ್ತ ಕೇಳಿದ್ದಕ್ಕೆಲ್ಲ ಸುಳ್ಳು ಉತ್ತರ ಕೊಡುತ್ತದೆ. ಅವಳು ಪೆಟ್ಟಿಗೆಯ ಪಕ್ಕದಲ್ಲೇ ಕುಕ್ಕರಿಸಿದಳು.

ವಿಭಾಗದ ಮುಖ್ಯಸ್ಥರು ಅವಳ ಮಾತು ಪೂರ್ತಿ ಕೇಳಿದರು. ಅವರೂ ವಾರಗಟ್ಟಲೆ ನಿದ್ದೆಗೆಟ್ಟಿದ್ದರು.

"ನಿಮ್ಮ ಸಂಕಟ ಅರ್ಥ ಆಗುತ್ತಮ್ಮ. ಆದ್ರೆ ಜನ ಸಾಯ್ತಿದ್ದಾರೆ."

"ನಾನು ಬಂದಿದ್ದೇ ಅಲ್ಲಿಂದ ಸರ್. ಹನ್ನೊಂದು ಜನರ ಕಣ್ಣು ಈ ಕೈಯಲ್ಲೇ ಮುಚ್ಚಿದ್ದೀನಿ."

"ಮತ್ತೆ? ನಿಮಗೆ ನಾನೇನು ಹೇಳ್ಬೇಕು?"

"ಬಸುರಿಯರೂ ಸಾಯ್ತಾರೆ ಸರ್. ಪ್ರತಿ ವರ್ಷ ಸಾಯ್ತಾರೆ. ಅವರಿಗೋಸ್ಕರ ಯಾರೂ ಒಂದು ದಿನಾನೂ ರಸ್ತೆ ಮುಚ್ಚಲಿಲ್ಲ."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೂ ಕೂಗಾಡಿ ಎದ್ದುಬರಲು ಒಂದು ದಾರಿಯಿತ್ತು. "ಸಂಶೋಧನೆಯ ಹಣಕ್ಕೆ ಹೊಸದಾಗಿ ಅರ್ಜಿ ಬರೀರಿ," ಎಂದರು. "ಶೀರ್ಷಿಕೆಯಲ್ಲಿ ಸೋಂಕು ಅನ್ನೋ ಪದ ಇರಲಿ. ಬಸುರಿಯರಲ್ಲಿ ಸೋಂಕು ಅನ್ನಿ, ಯಾರೂ ಬೇಡ ಅನ್ನಲ್ಲ. ಇಲ್ಲದಿದ್ರೆ ನಿಮ್ಮ ಟೆಕ್ನೀಷಿಯನ್ನನ್ನ ಮುಂದಿನ ತಿಂಗಳೇ ಮನೆಗೆ ಕಳಿಸಬೇಕಾಗುತ್ತೆ."

ಒಂದು ವಾರ ಅವಳು ಬರೆಯಲಿಲ್ಲ. ಎಂಟನೇ ದಿನ ಬರೆದಳು. ಹಳೆಯ ಅರ್ಜಿಗೆ ಒಪ್ಪಿಗೆ ಸಿಗಲು ಮೂರು ವರ್ಷ ಅಲೆದಿದ್ದಳು. ಇದು ಆರೇ ದಿನದಲ್ಲಿ ಒಪ್ಪಿಗೆಯಾಗಿ ಬಂತು. ರಕ್ತ ಸಂಗ್ರಹದ ಬಗ್ಗೆ ಅವಳು ಸದ್ದಿಲ್ಲದೆ ಸೇರಿಸಿದ್ದ ಒಂದು ಸಾಲನ್ನು ಮಾತ್ರ ಹೊಡೆದುಹಾಕಿ, 'ಸದ್ಯಕ್ಕೆ ಅಗತ್ಯವಿಲ್ಲ' ಎಂದು ಪಕ್ಕದಲ್ಲಿ ಬರೆದಿದ್ದರು.

ನಾಲ್ಕು ತಿಂಗಳ ನಂತರ, ಹೆರಿಗೆ ವಿಭಾಗದ ಪಡಸಾಲೆಯಲ್ಲಿ ಅವಳು ಹೊಸ ಅರ್ಜಿಯ ಕೆಲಸಕ್ಕೆ ಮೇಜು ಹಾಕಿಕೊಂಡು ಕೂತಿದ್ದಾಗ ಹೆಂಗಸೊಬ್ಬಳು ತನ್ನ ತಂಗಿಯ ಕೈಹಿಡಿದುಕೊಂಡು ಸಾಲು ಬಿಟ್ಟು ನೇರ ಅವಳ ಬಳಿಗೆ ಬಂದಳು.

"ಗುರುತು ಸಿಕ್ತಾ ಡಾಕ್ಟರಮ್ಮ? ಆರು ವರ್ಷದ ಹಿಂದೆ ಫಿಟ್ಸ್ ಬಂದು ನನ್ನ ಚೊಚ್ಚಲ ಕೂಸು ಹೋಯ್ತಲ್ಲ, ಅವಳು. ನಿಮಗೆ ರಕ್ತ ಕೊಟ್ಟಿದ್ದೆ."

"ಸಿಕ್ತಮ್ಮ."

"ಇವಳು ನನ್ನ ತಂಗಿ. ಈಗ ನಾಲ್ಕರಲ್ಲಿ. ನಮ್ಮಮ್ಮನಿಗೂ ಹಾಗೇ ಆಗಿತ್ತಂತೆ, ನನಗೂ ಆಯ್ತು. ಇವಳಿಗೆ ಜೀವದಲ್ಲಿ ಜೀವ ಇಲ್ಲ. ನಾನೇ ಧೈರ್ಯ ಹೇಳಿ ಕರ್ಕೊಂಡು ಬಂದೆ. ಹೆದರಬೇಡ ಕಣೇ, ಅದನ್ನ ಮೊದಲೇ ಪತ್ತೆ ಮಾಡೋ ಡಾಕ್ಟರಮ್ಮ ಇದ್ದಾರೆ, ನನ್ನ ರಕ್ತದಲ್ಲೇ ಕಂಡುಹಿಡೀತಿದ್ದಾರೆ ಅಂದೆ. ಈಗ ಆ ಪರೀಕ್ಷೆ ಶುರುವಾಗಿರಬೇಕಲ್ವಾ?"

ಪಕ್ಕದಲ್ಲಿದ್ದ ಟೆಕ್ನೀಷಿಯನ್ ತೆಗೆಯಬೇಕಿಲ್ಲದ ಪೊಟ್ಟಣವೊಂದನ್ನು ಹರಿಯತೊಡಗಿದ.

"ವಾರಕ್ಕೊಂದ್ಸಲ ಬಿಪಿ ನೋಡಿಸ್ಕೊಳ್ಳಲಿ," ಎಂದಳು ಡಾಕ್ಟರಮ್ಮ. "ತಲೆನೋವು ಬಂದ್ರೆ, ಕಣ್ಣು ಮಂಜಾದ್ರೆ, ಒಂದು ಗಳಿಗೆನೂ ತಡಮಾಡದೆ ಕರ್ಕೊಂಡು ಬನ್ನಿ."

"ಅದನ್ನ ನನಗೂ ಹೇಳಿದ್ರಲ್ಲ, ಡಾಕ್ಟರಮ್ಮ," ಎಂದಳು ಅಕ್ಕ.

ಅಷ್ಟರಲ್ಲಿ ತಂಗಿ ತಾನಾಗಿಯೇ ಸ್ಟೂಲಿನ ಮೇಲೆ ಕೂತಿದ್ದಳು. ತೋಳಿನ ಬಟ್ಟೆ ಮೇಲೆ ಸರಿಸಿ, ಮುಷ್ಟಿ ಬಿಗಿದು, ಕೈಯನ್ನು ಮೇಜಿನ ಮೇಲೆ ಉದ್ದಕ್ಕೆ ಚಾಚಿ, ಸೂಜಿಗೆ ಹೆದರಿ ಮುಖ ಆಚೆ ತಿರುಗಿಸಿ ಕಣ್ಣು ಮುಚ್ಚಿದ್ದಳು. ಆ ತೋಳಿನಲ್ಲಿ ನೀಲಿ ನರ ಎದ್ದು ಕಾಣುತ್ತಿತ್ತು.

ಡಾಕ್ಟರಮ್ಮ ಹತ್ತಿ ಸುತ್ತಿದ ಕಡ್ಡಿಯನ್ನು ಎತ್ತಿಕೊಂಡಳು.

"ಕೈ ಬೇಡಮ್ಮ," ಎಂದಳು. "ಬಾಯಿ ತೆಗಿ."