ಮೂಟೆ ತೂಗುವ ಹಲಗೆಯ ಮೇಲೆ

ಕಡಲೆಕಾಯಿ ಸಿಪ್ಪೆಯ ಧೂಳಿನ ವಾಸನೆಗೆ ಈಗಲೂ ನನ್ನ ದವಡೆ ಬಿಗಿಯುತ್ತದೆ.

ಪಾವಗಡದ ನಮ್ಮ ಶಾಲೆಯ ತೂಕದ ಯಂತ್ರ ಕೆಟ್ಟಿದ್ದರಿಂದ ವಿಜ್ಞಾನದ ಮೇಷ್ಟ್ರು ತರಗತಿಯನ್ನೆಲ್ಲ ತೂಕ ನೋಡಲು ಎದುರಿನ ಕಡಲೆಕಾಯಿ ಮಂಡಿಗೆ ಕರೆದೊಯ್ದು, ಮೂಟೆ ತೂಗುವ ಕಬ್ಬಿಣದ ಹಲಗೆಯ ಮೇಲೆ ನನ್ನನ್ನು ನಿಲ್ಲಿಸಿದರು.

“ನೋಡ್ರಲಾ, ಮೂಟೆ ಬಂತು! ದಿನಕ್ಕೆ ಎಷ್ಟು ಮುದ್ದೆ ನುಂಗ್ತೀಯಮ್ಮ?” ಎಂದರು. ಎಲ್ಲರೂ ನಕ್ಕರು.

ನನ್ನ ತೂಕಕ್ಕೂ ದಣಿವಿಗೂ ಥೈರಾಯ್ಡ್ ಹಾರ್ಮೋನಿನ ಕೊರತೆ ಕಾರಣವೆಂದು ವೈದ್ಯರು ಬರೆದಿದ್ದ ಚೀಟಿಯನ್ನು ಅವ್ವ ಬೆಳಿಗ್ಗೆಯೇ ಮೇಷ್ಟ್ರ ಕೈಗಿತ್ತಿದ್ದಳು. ಅದು ಮಡಿಕೆ ಬಿಚ್ಚದೆ ಅವರ ಅಂಗಿಯ ಜೇಬಿನಲ್ಲಿತ್ತು.

ನಾನು ಇಳಿಯಲಿಲ್ಲ. “ಜೇಬಲ್ಲಿರೋ ಚೀಟಿ ಓದಿ ಸಾರ್.”

“ಓದಿ ಮೇಷ್ಟ್ರೇ, ಮಗಾ ಕೇಳ್ತೈತೆ,” ಎಂದ ಮೂಟೆ ಹೊರುವ ಹಮಾಲಿ.

ಅವರು ಓದಿದರು. ‘ಹಾರ್ಮೋನಿನ ಕೊರತೆ’ ಎಂಬಲ್ಲಿ ದನಿ ತಗ್ಗಿಸಿದರು.

“ಕೇಳುಸ್ಲಿಲ್ಲ ಸಾರ್, ಇನ್ನೊಂದ್ಸಲ,” ಎಂದೆ.