ರಾಯರ ಲೆನ್ಸ್ ಪರೀಕ್ಷೆ

ಹಳೇ ಕ್ಯಾಮೆರಾಕ್ಕೆಂದು ಹೆಂಡತಿ ಉಡುಗೊರೆ ತಂದ ಅಗ್ಗದ ಲೆನ್ಸ್ ಕಂಡು ರಾಯರು ಮೂಗು ಮುರಿದರು.

"ಸೋಡಾ ಬಾಟಲಿ ತಳ ಕಣೇ ಇದು! ನನ್ನ ಜರ್ಮನ್ ಲೆನ್ಸ್ ಎಲ್ಲಿ, ಇದೆಲ್ಲಿ!"

"ಹಾಗಾದ್ರೆ ಆ ಕಡೆ ತಿರುಗಿ. ಒಂದೊಂದಾಗಿ ಹಾಕ್ತೀನಿ, ಯಾವುದು ಯಾವುದು ಅಂತ ಹೇಳಿ. ಸೋತ್ರೆ ಇನ್ಮೇಲೆ ನನ್ನ ಲೆನ್ಸೇ ಗತಿ."

ಅವಳು ಹಿಡಿದ ಕ್ಯಾಮೆರಾದ ಕಿಂಡಿಗೆ ರಾಯರು ಕಣ್ಣಿಟ್ಟರು. "ಅಯ್ಯೋ, ಅಂಚೆಲ್ಲ ಮಬ್ಬು. ಇದು ನಿಂದೇ."

ಮತ್ತೆ ತಿರುಗಿ ನಿಂತು, ಅವಳು ಕರೆದ ಮೇಲೆ ಮತ್ತೆ ನೋಡಿದರು. ಮುಖ ಅರಳಿತು. "ಆಹಾ! ತೆಂಗಿನ ಗರಿ ಎಳೆ ಎಳೆಯಾಗಿ ಕಾಣ್ತಿದೆ. ಇದಪ್ಪಾ ಜರ್ಮನ್ನು!"

"ಈ ಕ್ಯಾಮೆರಾದಲ್ಲಿ ನೋಡೋ ಕಿಂಡಿ ಬೇರೆ, ಲೆನ್ಸ್ ಬೇರೆ, ಕಿಂಡೀಲಿ ಕಾಣೋದಕ್ಕೆ ಲೆನ್ಸೇ ಬೇಕಿಲ್ಲ ಅಂತ ಕಲಿಸಿದ್ದು ನೀವೇ ಅಲ್ವೇನ್ರೀ?" ಎನ್ನುತ್ತ ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ಗಂಟು ಬಿಚ್ಚಿದಳು.

ಎರಡು ಲೆನ್ಸೂ ಅದರೊಳಗೇ ಇದ್ದವು.